ಕಾವಲಿಗೆ ಕಟ್ಟಿದ ಬೆಲೆ

ಮಾವ ಓಬಳಪ್ಪ ಆಡಿದ ಒಂದೇ ಒಂದು ಮಾತಿಗೆ ಕರಿಯಕ್ಕನ ಮೈಯೆಲ್ಲ ಉರಿದುಹೋಯಿತು. ಎಂಬತ್ತಮೂರನೇ ಇಸವಿ. ಪುರವರದ ಮಗ್ಗುಲಿನ ಗೊಲ್ಲರಹಟ್ಟಿಗೆ ಜೀಪಿನಲ್ಲಿ ಬಂದಿಳಿದ ಸಾಹೇಬರು, ಹಟ್ಟಿಯ ಮುಂದಿನ ಹುಲ್ಲುಗಾವಲಿನಿಂದ ನಿಮಗೇನು ಹುಟ್ಟುವಳಿ ಎಂದು ಕೇಳಿದ್ದರು. ಹಟ್ಟಿಯ ಯಜಮಾನನಾದ ಮಾವ ಕೈಮುಗಿದು, ಏನೂ ಇಲ್ಲ ಸ್ವಾಮಿ, ಬರೀ ಕಲ್ಲುಮುಳ್ಳು ಎಂದುಬಿಟ್ಟಿದ್ದ.

ತಪ್ಪು ಅವನೊಬ್ಬನದಲ್ಲ. ಜೀಪಿನವರಿಗೆ ಇದೆ ಎಂದರೆ ಕಂದಾಯ ಬೀಳುತ್ತದೆಂದು ಅವನಪ್ಪ, ಅವನಜ್ಜ ಎಲ್ಲರೂ ಇಲ್ಲ ಇಲ್ಲ ಎಂದೇ ಬದುಕಿದವರು. ಈ ಸಾಹೇಬರು ಕಂದಾಯಕ್ಕೆ ಬಂದವರಲ್ಲ, ಅರಣ್ಯ ಇಲಾಖೆಯವರು. ಬೆಲೆಯಿಲ್ಲದ ನೆಲ ಹುಡುಕಿ ನೀಲಗಿರಿ ನೆಟ್ಟು, ಮರವನ್ನು ಕಾಗದದ ಕಾರ್ಖಾನೆಗೆ ಮಾರಿ, ಬ್ಯಾಂಕಿನ ಸಾಲದ ದುಡ್ಡನ್ನು ದುಪ್ಪಟ್ಟು ಮಾಡಲು ಹೊರಟವರು. ಹಟ್ಟಿಯ ಕುರಿಗಳಿಗೋ, ಆ ಕಾವಲು ಬಿಟ್ಟರೆ ಬೇರೆ ಗತಿಯಿಲ್ಲ.

ಮಾವನೆದುರು ಎಂದೂ ದನಿ ಎತ್ತದ ಸೊಸೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. ಮರ್ಯಾದೆ ನೋಡಿಕೊಂಡು ಕೂತರೆ ಕುರಿ ಉಳಿದಾವೇ?

"ನಮ್ಮ ಮಾವ ಹೆದರ್ಕಂಡು ಸುಳ್ಳು ಹೇಳ್ತಾವ್ರೆ ಸ್ವಾಮಿ," ಎಂದು ಶುರುಮಾಡಿದವಳು ಒಂದನ್ನೂ ಬಿಡಲಿಲ್ಲ. ಆ ಹುಲ್ಲು ಮೇಯ್ದ ಕುರಿಗಳನ್ನು ಊರಿನವರು ಕರೆದು ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುವುದು, ಗೊಬ್ಬರಕ್ಕೆ ಪ್ರತಿಯಾಗಿ ರಾಗಿ ಅಳೆದು ಕೊಡುವುದು, ಕಾವಲಲ್ಲಿ ಇಂಗಿದ ಮಳೆ ಕೆಳಗಿನ ಬಾವಿಗಳಲ್ಲಿ ಊರುವುದು, ಉಣ್ಣೆ, ಕಾರೆಹಣ್ಣು, ಬಾಣಂತಿಯರ ಬೇರುನಾರು, ಎಲ್ಲ ಹೇಳಿದಳು. ಹಾಸಿ ಹೊದೆಯುವಷ್ಟಿದೆ ಎಂದು ಎದೆ ತಟ್ಟಿಕೊಂಡಳು.

ಸಾಹೇಬರ ಮುಖ ಅರಳಿತು. ಜೊತೆಗಿದ್ದ ಗುಮಾಸ್ತನ ಕಡೆ ತಿರುಗಿದರು.

"ಇಷ್ಟು ಸಾರ ಇರೋ ನೆಲ ಅಂದ್ರೆ ಗಿಡ ಬೇಗ ಬರುತ್ತೆ ಕಣ್ರೀ. ಬ್ಯಾಂಕಿನೋರು ಇನ್ನೂ ಜಾಸ್ತಿ ಕೊಡ್ತಾರೆ."

ಕರಿಯಕ್ಕನಿಗೆ ತಾನೇ ನಿಂತು ಕಳ್ಳನಿಗೆ ಮನೆ ತೋರಿಸಿದ ಹಾಗಾಗಿತ್ತು. ಮಾವನ ಮೇಲಿದ್ದ ಸಿಟ್ಟು ಅಲ್ಲಿಗೇ ಇಳಿಯಿತು. ಪಾಪ, ಆ ಮುದುಕ ಏನು ಹೇಳಿದ್ದರೂ ಇಷ್ಟೇ. ಈಗ ಅವಳ ಸಿಟ್ಟೆಲ್ಲ ನಗುತ್ತಿದ್ದ ಆ ಮುಖದ ಮೇಲೆ ತಿರುಗಿತು.

"ಇಲ್ಲ ಅಂದ್ರೆ ಪಾಳು ಅಂತ ತಗಂತೀರ. ಐತೆ ಅಂದ್ರೆ ಲಾಭ ಅಂತ ತಗಂತೀರ. ಏನಂದ್ರೆ ಬುಟ್ಟು ಹೋಗ್ತೀರ ಸ್ವಾಮಿ? ಅದನ್ನ ಹೇಳ್ಕೊಡಿ, ಅದನ್ನೇ ಅಂತೀವಿ."

ಹಟ್ಟಿಯವರೆಲ್ಲ ಸಾಹೇಬರ ಬಾಯನ್ನೇ ನೋಡುತ್ತ ನಿಂತರು. ಅವರು, ಕುರಿ ಒಳಗೆ ನುಗ್ಗದಂತೆ ಎಷ್ಟು ಆಳದ ಕಂದಕ ತೋಡಿಸಬೇಕಾದೀತು ಎಂದು ಗುಮಾಸ್ತನನ್ನು ಕೇಳುತ್ತ ಜೀಪು ಹತ್ತಿದರು.