ಮೊರಾಗ್ ದೋಣಿಯ ಎರಡನೆಯ ಯಜಮಾನ

ನನ್ನ ಹೆಸರು ಮೊರಾಗ್. ಹೆಂಗಸಿನ ಹೆಸರಾದರೂ ನಾನು ಒಂದು ಮೀನುದೋಣಿ. ಸ್ಕಾಟ್ಲೆಂಡಿನ ಪಡುವಣ ಕರಾವಳಿಯಲ್ಲಿ ಕಿಲ್‌ಬ್ರೆನ್ ಎಂಬ ಪುಟ್ಟ ಬಂದರಿದೆ. ಅಲ್ಲಿ ತಗಡಿನ ಮಾಡಿನ ಕೆಳಗೆ ಆಂಗಸ್ ಎಂಬ ಬಡಗಿ ನನ್ನನ್ನು ಕಟ್ಟಿದ. ಓಕ್ ಮರದ ಪಕ್ಕೆಲುಬು, ಲಾರ್ಚ್ ಮರದ ಹಲಗೆ, ತಾಮ್ರದ ಮೊಳೆ. ಕೆಲಸ ಮಾಡುವಷ್ಟು ಹೊತ್ತೂ ಅವನು ಬೈಯುತ್ತಿದ್ದ. ನನ್ನನ್ನಲ್ಲ, ಚಳಿಯನ್ನು. ನೀರಿಗಿಳಿಸಿದ ದಿನ ಮಾತ್ರ ಟೋಪಿ ತೆಗೆದು ಸುಮ್ಮನೆ ನಿಂತ. ತನ್ನ ತಾಯಿಯ ಹೆಸರನ್ನು ನನಗಿಟ್ಟ.

ಮೊದಲ ಯಜಮಾನ ಹೆಕ್ಟರ್. ಹತ್ತೊಂಬತ್ತು ವರ್ಷ ಅವನ ಜೊತೆ ಬಂಗುಡೆ, ಸಿಗಡಿ ಹೊತ್ತೆ. ಮೈಯೆಲ್ಲ ಮೀನು ನಾರುತ್ತಿತ್ತು, ಮನಸ್ಸು ಹಗುರವಾಗಿತ್ತು. ಬಲೆ ಎಳೆದಾಗಲೆಲ್ಲ ಕಡಲಹಕ್ಕಿಗಳು ಗಲಾಟೆ ಮಾಡುತ್ತ ಬೆನ್ನು ಹತ್ತಿ ಬರುತ್ತಿದ್ದವು. ಕೊನೆಗೆ ಹೆಕ್ಟರನ ಮಂಡಿ ಕೈಕೊಟ್ಟಿತು. ಅವನು ನನ್ನನ್ನು ಮಾರಿದ.

ಕೊಂಡವನು ಹೊಳೆಯುವ ಕರಿ ಬೂಟಿನಲ್ಲಿ ನನ್ನ ಮೇಲೆ ಹೆಜ್ಜೆ ಇಟ್ಟ. ಒದ್ದೆ ಹಲಗೆಯ ಮೇಲೆ ಜಾರಿ ಇನ್ನೇನು ಬೀಳಲಿದ್ದ. ಹೆಕ್ಟರ್ ನಗಲಿಲ್ಲ. ದಡದಲ್ಲಿದ್ದವರಲ್ಲಿ ಒಬ್ಬರೂ ನಗಲಿಲ್ಲ. ಇವನು ಸಾಮಾನ್ಯದವನಲ್ಲ ಎಂದು ನನಗೆ ಗೊತ್ತಾದದ್ದು ಅದರಿಂದಲೇ.

ಅವನೇ ಆರ್ಚಿ ಮೆಕ್‌ಫೇಲ್, ಗ್ಲಾಸ್ಗೋ ನಗರದವನು. ಚುಕ್ಕಾಣಿ ಹಿಡಿದು ನಿಂತಾಗ ತನ್ನ ಬಂಟ ರೋರಿಯ ಹತ್ತಿರ ಅವನು ಆಡುತ್ತಿದ್ದ ಮಾತಿನಿಂದ ಅವನ ಬದುಕು ನನಗೆ ತುಣುಕು ತುಣುಕಾಗಿ ತಿಳಿಯಿತು. ಅಪ್ಪ ಹಡಗು ಕಟ್ಟುವ ಕಾರ್ಖಾನೆಯಲ್ಲಿ ರಿವೆಟ್ ಹೊಡೆಯುತ್ತಿದ್ದವನು. ಕಾರ್ಖಾನೆ ಮುಚ್ಚಿದ ಮೇಲೆ ಕುರ್ಚಿ ಬಿಟ್ಟು ಏಳಲೇ ಇಲ್ಲ. ಹದಿನೇಳಕ್ಕೆ ಆರ್ಚಿ ಬೀದಿಯ ಗ್ಯಾಂಗು ಸೇರಿದ. ಇಪ್ಪತ್ತಕ್ಕೆ ಎಡಗೆನ್ನೆಯ ಮೇಲೆ ಕಿವಿಯಿಂದ ಬಾಯಿಯವರೆಗೆ ರೇಜರಿನ ಗೀರು. ಮೂವತ್ತಾಗುವ ಹೊತ್ತಿಗೆ ಅವನು ಒಳಗೆ ಬಂದರೆ ಇಡೀ ಪಬ್ಬು ಮಾತು ನಿಲ್ಲಿಸುತ್ತಿತ್ತು. ಅವನ ಕೇರಿಗಳಲ್ಲಿ ಅಂಗಡಿ ತೆರೆಯಬೇಕಾದರೆ ಅವನ ಅಪ್ಪಣೆ ಬೇಕಿತ್ತು. ಅಪ್ಪಣೆ ಕೇಳದ ಒಬ್ಬ ಬೇಕರಿಯವನ ಎರಡೂ ಕೈ ಮುರಿಸಿದ್ದನ್ನು ಒಮ್ಮೆ ಹೇಳಿದ. ಹೇಳುವಾಗ ನಗುತ್ತಿದ್ದ. ಹೇಳಿ ಮುಗಿಸಿ ತನ್ನ ಕೈಗಳನ್ನೇ ನೋಡಿಕೊಂಡ.

ನನ್ನನ್ನು ಕೊಂಡದ್ದು ಮೀನಿಗಲ್ಲ. ದೂರದ ಸಮುದ್ರದಲ್ಲಿ ದೊಡ್ಡ ಹಡಗೊಂದರಿಂದ ಪ್ಲಾಸ್ಟಿಕ್ ಸುತ್ತಿದ ಮೂಟೆಗಳು ನನ್ನ ಒಡಲಿಗೆ ಇಳಿಯುತ್ತಿದ್ದವು. ಒಳಗೆ ಮಾದಕ ಪುಡಿ. ಬಲೆ ಒಣಗಿ ಮೂಲೆಯಲ್ಲಿ ಬಿದ್ದಿತ್ತು. ಹಕ್ಕಿಗಳು ನನ್ನ ಹಿಂದೆ ಬರುವುದನ್ನು ಬಿಟ್ಟವು. ನನಗೆ ನಾಚಿಕೆಯಾಗುತ್ತಿತ್ತು.

ಆದರೂ ಒಂದು ಮಾತು ಹೇಳಲೇಬೇಕು. ಆರ್ಚಿ ಸಮುದ್ರವನ್ನು ಕಲಿತ. ಮೊದಮೊದಲು ನನ್ನ ಅಂಚಿಗೆ ಜೋತುಬಿದ್ದು ವಾಂತಿ ಮಾಡುತ್ತಿದ್ದವನು, ವರ್ಷ ಕಳೆದಂತೆ ಕಣ್ಣು ಮುಚ್ಚಿಯೇ ಅಲೆಯ ದಿಕ್ಕು ಹೇಳುವಂತಾದ. ಒಮ್ಮೆ ರೋರಿಗೆ ಹೇಳಿದ, "ಇಲ್ಲಿ ಒಂದು ಒಳ್ಳೇದು ನೋಡು. ಈ ನೀರಿಗೆ ನಾನ್ಯಾರು ಅಂತ ಗೊತ್ತಿಲ್ಲ."

ಎಂಟನೆಯ ವರ್ಷ, ಮಾರ್ಚ್ ತಿಂಗಳ ಒಂದು ಬೆಳಿಗ್ಗೆ. ದಟ್ಟ ಮಂಜು. ಒಡಲು ತುಂಬ ಮೂಟೆ. ಆಗ ರೇಡಿಯೋದಲ್ಲಿ ಒಂದು ಹೆಣ್ಣುದನಿ ಕೇಳಿತು. ಏಡಿ ಹಿಡಿಯುವ ಸಣ್ಣ ದೋಣಿ. ಬಂಡೆಗೆ ತಾಗಿ ತಳ ಒಡೆದಿದೆ. ಗಂಡನ ಕಾಲು ಹಗ್ಗಕ್ಕೆ ಸಿಕ್ಕಿ ಮುರಿದಿದೆ. ತಾವಿರುವ ಜಾಗವನ್ನು ಅವಳು ಎರಡು ಸಲ ಸ್ಪಷ್ಟವಾಗಿ ಹೇಳಿದಳು. ಮೂರನೆಯ ಸಲ ನಡುವೆಯೇ ನಿಲ್ಲಿಸಿ, "ನೀಲ್, ಕಣ್ಣು ಮುಚ್ಚಬೇಡ, ನನ್ನೇ ನೋಡು!" ಎಂದು ಕೂಗಿದಳು.

"ಲೈಫ್‌ಬೋಟ್ ಬರುತ್ತೆ ಬಾಸ್. ನಮಗೆ ಕೇಳಿಸ್ಲೇ ಇಲ್ಲ ಅಂದ್ಕೊಳ್ಳಿ," ಎಂದ ರೋರಿ.

"ಅದು ಬರೋಕೆ ಎಷ್ಟು ಹೊತ್ತು?"

"ಮುಕ್ಕಾಲು ಗಂಟೆ."

"ನಾವು ಹೋದ್ರೆ?"

ರೋರಿ ಒಡಲಿನ ಮುಚ್ಚಳಕ್ಕೆ ಕೈ ಹಾಕಿದ. "ಮೊದ್ಲು ಮೂಟೆ ಎಲ್ಲಾ ನೀರಿಗೆ ಹಾಕೋಣ. ಆಮೇಲೆ ಹೋಗೋಣ," ಎಂದ.

"ಅಷ್ಟರಲ್ಲಿ ಆ ಮನುಷ್ಯ ಇರಲ್ಲ. ನೀನು ಮುಂದೆ ನಿಂತು ಬಂಡೆ ನೋಡು."

ಆರ್ಚಿ ಚುಕ್ಕಾಣಿ ತಿರುಗಿಸಿದ. ಹೋಗಿ ನೋಡಿದರೆ ಆ ದೋಣಿಯ ಮೂತಿಯಷ್ಟೇ ನೀರಿನ ಮೇಲಿತ್ತು. ಹೆಂಗಸು ಎದೆಮಟ್ಟ ನೀರಿನಲ್ಲಿ ನಿಂತು ಗಂಡನ ತಲೆ ಎತ್ತಿ ಹಿಡಿದಿದ್ದಳು. ಆರ್ಚಿ ಚಾಕು ಕಚ್ಚಿಕೊಂಡು ನೀರಿಗೆ ಹಾರಿದ, ಹಗ್ಗ ಕೊಯ್ದ. ಆ ಚಾಕು ಅಲ್ಲಿಯವರೆಗೆ ಏನೇನು ಕೊಯ್ದಿತ್ತೋ ನಾನರಿಯೆ. ಮೂವರೂ ನನ್ನ ಮೇಲೆ ಬಂದು ಬಿದ್ದರು.

ಆ ಹೆಂಗಸಿನ ಹೆಸರು ಕರ್ಸ್ಟಿ. ನಡುಗುತ್ತಿದ್ದ ಗಂಡನಿಗೆ ಹೊದಿಸಲು ಏನಾದರೂ ಸಿಕ್ಕೀತೇ ಎಂದು ನನ್ನ ಒಡಲಿನ ಮುಚ್ಚಳ ತೆರೆದಳು. ಮೂಟೆಗಳನ್ನು ಕಂಡಳು. ತಲೆಯೆತ್ತಿ ಆರ್ಚಿಯನ್ನು ನೋಡಿದಳು. ಮುಚ್ಚಳ ಹಾಕಿದಳು. ಆರ್ಚಿ ತನ್ನ ಕೋಟು ಬಿಚ್ಚಿ ನೀಲ್‌ಗೆ ಹೊದಿಸಿದ.

ಬಂದರಿನಲ್ಲಿ ಆಂಬುಲೆನ್ಸ್ ಕಾದಿತ್ತು. ಪಕ್ಕದಲ್ಲಿ ಪೊಲೀಸರೂ ಇದ್ದರು. ಬಂದದ್ದು ಅಪಘಾತದ ವಿಚಾರಣೆಗೆ ಅಷ್ಟೇ. "ಒಳ್ಳೇ ಕೆಲಸ ಮಾಡಿದ್ರಿ. ಇವತ್ತು ಮೀನೇನಾದ್ರೂ ಸಿಕ್ತಾ?" ಎಂದು ಒಬ್ಬ ಅಧಿಕಾರಿ ನಗುತ್ತ ಕೇಳಿದ.

"ಏನೂ ಇಲ್ಲ ಸರ್," ಎಂದ ರೋರಿ. ಅಧಿಕಾರಿಯ ಕಣ್ಣು ಒಣಗಿದ ಬಲೆಯ ಮೇಲೆ ಹೋಯಿತು. ಅವನು ಕರ್ಸ್ಟಿಯ ಕಡೆ ತಿರುಗಿದ. ಅವಳು ಒಡಲಿನ ಮುಚ್ಚಳದ ಕಡೆ ನೋಡಿ ಮುಖ ತಿರುಗಿಸಿದಳು.

"ಆಕೆ ಕೈಲಿ ಸುಳ್ಳು ಹೇಳಿಸೋದು ಬೇಡ," ಎಂದ ಆರ್ಚಿ. "ಮುಚ್ಚಳ ತೆಗೆದು ನೋಡಿ. ಎಲ್ಲಾ ನಂದೇ."

ಕೈಗೆ ಕೋಳ ಬೀಳುವಾಗ ಕರ್ಸ್ಟಿ ಮುಂದೆ ಬಂದಳು. "ನನ್ನ ತಮ್ಮ ಸತ್ತಿದ್ದು ಇಂಥದೇ ಪುಡಿಯಿಂದ. ನನ್ನ ಗಂಡ ಉಳಿದಿದ್ದು ಈ ಮನುಷ್ಯನಿಂದ. ಎರಡನ್ನೂ ಬರ್ಕೊಳ್ಳಿ," ಎಂದಳು. ಆರ್ಚಿ ತಲೆ ತಗ್ಗಿಸಿದ. ಅವನು ತಲೆ ತಗ್ಗಿಸಿದ್ದನ್ನು ರೋರಿಯೂ ಅದುವರೆಗೆ ಕಂಡಿರಲಿಲ್ಲ.

ರೋರಿ ಪಾರಾದ. ಆರ್ಚಿಗೆ ಜೈಲು. ನನಗೆ ಜಪ್ತಿಯಾದ ದೋಣಿಗಳ ಅಂಗಳ. ಹನ್ನೊಂದು ವರ್ಷ ಬಿಸಿಲು, ಹಿಮ, ಮೊಣಕಾಲೆತ್ತರ ಕಳೆ. ಹಲಗೆಗಳು ಬಿರಿದವು. ಒಂದು ವಸಂತದಲ್ಲಿ ಕಿಲ್‌ಬ್ರೆನ್ನಿನ ಜನ ಬಂದು ನನ್ನನ್ನು ಹರಾಜಿನಲ್ಲಿ ಕೊಂಡು ಲಾರಿಯ ಮೇಲೆ ಹೊತ್ತೊಯ್ದರು. ಕುಂಟು ಕಾಲಿನ ನೀಲ್ ಕಡಲಿಗೆ ಹೋಗುವುದನ್ನು ಬಿಟ್ಟು, ಕರ್ಸ್ಟಿಯ ಜೊತೆ ಹಳೆಯ ದೋಣಿ ರಿಪೇರಿ ಮಾಡುವ ಶೆಡ್ಡು ನಡೆಸುತ್ತಿದ್ದ. ನನ್ನನ್ನು ಇಳಿಸಿದ್ದು ಅಲ್ಲಿಗೇ.

ಮರುವರ್ಷ ಅದೇ ಶೆಡ್ಡಿನ ಬಾಗಿಲಲ್ಲಿ ಒಬ್ಬ ಮುದುಕ ಬಂದು ನಿಂತ. ಕೆನ್ನೆಯ ಗೀರು ಸುಕ್ಕಿನೊಳಗೆ ಮುಚ್ಚಿಹೋಗಿತ್ತು.

"ಜೈಲಿಂದ ಬಂದೆ. ಏನಾದ್ರೂ ಕೆಲಸ ಇದ್ರೆ ಕೊಡ್ತೀರಾ ಅಮ್ಮ?"

ಕರ್ಸ್ಟಿ ಆ ಗೀರನ್ನು ಗುರುತಿಸಿದಳು. "ದೋಣಿ ನಡೆಸೋ ಕೆಲಸ ಕೊಡಲ್ಲ. ಮರ ಉಜ್ಜೋಕೆ ಬರುತ್ತಾ?"

"ಬರಲ್ಲ."

"ನಾಳೆ ಬನ್ನಿ. ನೀಲ್ ಹೇಳಿಕೊಡ್ತಾನೆ."

ಊರನ್ನೇ ನಡುಗಿಸಿದ ಆ ಕೈಗಳು ಎರಡು ಚಳಿಗಾಲ ನನ್ನ ಹಳೆಯ ಬಣ್ಣ ಕೆರೆದವು, ಹಲಗೆಯ ಸಂದಿಗೆ ನಾರು ತುಂಬಿ ಬಿಸಿ ಡಾಂಬರು ಬಳಿದವು. ಒಂದು ದಿನ ದೊಡ್ಡ ಕಾರಿನಲ್ಲಿ ರೋರಿ ಬಂದ. "ನಿಮ್ಮ ಹೆಸರು ಕೇಳಿದ್ರೆ ಗ್ಲಾಸ್ಗೋದಲ್ಲಿ ಈಗಲೂ ಹೆದರ್ತಾರೆ ಬಾಸ್. ಬಂದು ಕೂತ್ರೆ ಸಾಕು," ಎಂದ.

"ಆ ಬೇಕರಿಯವನಿಗೆ ಎರಡು ಕಾಗದ ಬರೆದೆ ರೋರಿ. ಉತ್ತರ ಬರ್ಲಿಲ್ಲ," ಎಂದ ಆರ್ಚಿ.

"ಯಾವ ಬೇಕರಿಯವನು?"

"ನಿನಗೆ ನೆನಪಿಲ್ಲ. ನನಗಿದೆ. ಹೊರಡು, ಡಾಂಬರು ತಣ್ಣಗಾಗ್ತಿದೆ."

ಮೇ ತಿಂಗಳಲ್ಲಿ ನನ್ನನ್ನು ಮತ್ತೆ ನೀರಿಗಿಳಿಸಿದರು. ಊರವರು ಚಪ್ಪಾಳೆ ತಟ್ಟಿದರು, ಚಹಾ ಕುಡಿದರು. ಐದೇ ನಿಮಿಷಕ್ಕೆ ಸಂದುಸಂದಿನಲ್ಲೂ ನೀರು ಜಿನುಗತೊಡಗಿತು. ನನ್ನ ಒಡಲಲ್ಲಿ ಮಂಡಿಯೂರಿದ್ದ ಆರ್ಚಿ ಅಂಗೈಯಿಂದ ಒಂದು ಸಂದಿಯನ್ನು ಒತ್ತಿ ಹಿಡಿದ. "ಎಲ್ಲಾ ಹಾಳು ಮಾಡಿಬಿಟ್ಟೆ," ಎಂದ.

"ಹಾಳಾಗಿಲ್ಲ ಮಾರಾಯ," ಎಂದು ನೀಲ್ ಮೇಲಿನಿಂದ ಕೂಗಿದ. "ಒಣಗಿದ ಮರ ಅದು. ನೀರು ಕುಡಿದು ಊದಿಕೊಳ್ಳುತ್ತೆ. ಎರಡು ದಿನ ಮೊಗೀತಾ ಇರು, ತಾನೇ ನಿಲ್ಲುತ್ತೆ."

ಆರ್ಚಿ ಬಕೆಟ್ ಹಿಡಿದ. ಸ್ವಲ್ಪ ಹೊತ್ತಿಗೆ ಏಣಿಯ ಮೇಲೆ ಹೆಜ್ಜೆಸದ್ದು. ಕರ್ಸ್ಟಿ ಇನ್ನೊಂದು ಬಕೆಟ್ ಹಿಡಿದು ಇಳಿದು ಬಂದಳು. ಇಬ್ಬರೂ ಎದುರುಬದುರು ನಿಂತು ಮೊಗೆದರು.

ಈಗ ನಾನು ದೂರ ಹೋಗುವುದಿಲ್ಲ. ಕೊಲ್ಲಿಯೊಳಗೇ ಒಂದು ಸುತ್ತು ಹಾಕಿ ಬಂದು ಬಂದರಿನ ಗೋಡೆಯ ಪಕ್ಕ ನಿಲ್ಲುತ್ತೇನೆ. ದಡದ ಮೇಲೆ ಎಷ್ಟು ವರ್ಷ ಕೂತಿದ್ದರೂ ನನ್ನ ಬಿರುಕು ಕೂಡಿಕೊಳ್ಳುತ್ತಿರಲಿಲ್ಲ. ಸೋರಿದರೂ ಸರಿಯೆಂದು ನೀರಿಗೇ ಇಳಿಯಬೇಕಿತ್ತು. ನೀರಿಗಿಳಿದ ಮೂರನೆಯ ದಿನ ಬೆಳಿಗ್ಗೆ ಆರ್ಚಿ ಬಂದು ನನ್ನ ಒಳತಳಕ್ಕೆ ಕೈಯಿಟ್ಟು ನೋಡಿದ. ಒಣಗಿತ್ತು.