ಗೀಟು ಬೀಳದ ವಾರ

"ಹಾಗಾದ್ರೆ ವರ್ಷದಲ್ಲಿ ಒಂದು ವಾರಾನೂ ಉಳಿಯಲ್ವಲ್ಲ ಮಮ್ಮಿ!" ಎಂದು ಸೋನಿಯಾ ಕೆಂಪು ಪೆನ್ಸಿಲನ್ನು ಊಟದ ಮೇಜಿನ ಮೇಲೆ ಒಗೆದಳು.

ಎದುರಿಗೆ ಹನ್ನೆರಡು ತಿಂಗಳನ್ನೂ ಒಂದೇ ಹಾಳೆಯಲ್ಲಿ ತುರುಕಿದ ಕ್ಯಾಲೆಂಡರು. ಗಂಡನ ಅಕ್ಕ ಸಿಂಥಿಯಾ ಜಪಾನಿನ ಒಂದು ಸಣ್ಣ ಊರಿನ ಕಾನ್ವೆಂಟಿನಲ್ಲಿ ಸಿಸ್ಟರ್. ಅವಳನ್ನು ನೋಡಲು ಹೋಗಬೇಕೆಂದು ಮೂರು ವರ್ಷಗಳಿಂದ ಅಮೆರಿಕದ ರೆಂಟನ್ನಿನ ಈ ಮನೆಯಲ್ಲಿ ಯೋಜನೆ ನಡೆದಿತ್ತು. ಅವಳು 'ಆಗ ಮಾತ್ರ ಬರಬೇಡಿ' ಎಂದ ದಿನಗಳನ್ನೆಲ್ಲ ಸೋನಿಯಾ ಇವತ್ತು ನೆನಪು ಮಾಡಿಕೊಂಡು ಗೀಟು ಹಾಕುತ್ತ ಬಂದಿದ್ದಳು. ಏಪ್ರಿಲ್ ಕೊನೆಯಿಂದ ಗೋಲ್ಡನ್ ವೀಕ್, ದೇಶಕ್ಕೆ ದೇಶವೇ ರೈಲಿನಲ್ಲಿರುತ್ತದೆ. ಮೇ ತಿಂಗಳಿಡೀ ಕಾನ್ವೆಂಟಿನಲ್ಲಿ ವಿಶೇಷ ಪ್ರಾರ್ಥನೆ. ಜೂನ್, ಜುಲೈ ಬಿಡದೆ ಮಳೆ. ಆಗಸ್ಟ್ ನಡುವಿಗೆ ಒಬೋನ್, ಸತ್ತ ಹಿರಿಯರು ಮನೆಗೆ ಬರುತ್ತಾರೆಂದು ಬದುಕಿದ್ದವರೂ ತಮ್ಮ ತಮ್ಮ ಊರಿಗೆ ಹೊರಡುತ್ತಾರೆ, ಒಂದು ಕೋಣೆ ಸಿಕ್ಕುವುದಿಲ್ಲ. ಸೆಪ್ಟೆಂಬರಿನಲ್ಲಿ ಸಾಲು ರಜೆ, ಅದು ಸಾಲದೆಂಬಂತೆ ಚಂಡಮಾರುತ. ಅಕ್ಟೋಬರಿನಲ್ಲಿ ಕಾನ್ವೆಂಟಿನವರ ಮೌನಧ್ಯಾನ, ನವೆಂಬರಿನಲ್ಲಿ ಬಿಷಪರ ಭೇಟಿ, ಡಿಸೆಂಬರಿನಲ್ಲಿ ಕ್ರಿಸ್ಮಸ್ ತಯಾರಿ. ಹೊಸ ವರ್ಷಕ್ಕೆ ಅಂಗಡಿಗಳೆಲ್ಲ ಬಂದ್. ಆಮೇಲೆ ಹಿಮ. ಮಾರ್ಚಿನಲ್ಲಿ ಕಾನ್ವೆಂಟಿನವರು ನಡೆಸುವ ಶಿಶುವಿಹಾರದ ಮಕ್ಕಳ ಬೀಳ್ಕೊಡುಗೆ, ಏಪ್ರಿಲಿನಲ್ಲಿ ಹೊಸ ಮಕ್ಕಳು. ಒಂದೊಂದಾಗಿ ಕೇಳಿದಾಗ ಎಲ್ಲವೂ ನ್ಯಾಯವಾಗಿಯೇ ಕಂಡಿದ್ದವು. ಒಟ್ಟಿಗೆ ನೋಡಿದರೆ ಹಾಳೆಯ ತುಂಬ ಕೆಂಪು.

ಸೋನಿಯಾ ದಡ್ಡಿಯೇನಲ್ಲ. ಗೋದಾಮಿನಿಂದ ಗೋದಾಮಿಗೆ ಸಾಮಾನು ಯಾವ ದಿನ ತಲುಪಬೇಕೆಂದು ಲೆಕ್ಕ ಹಾಕುವುದೇ ಅವಳ ಕೆಲಸ. ಬೇರೆ ಯಾರಾದರೂ ಇಷ್ಟು ನೆಪ ಹೇಳಿದ್ದರೆ ಮೂರನೆಯದಕ್ಕೇ ಹಿಡಿದುಬಿಡುತ್ತಿದ್ದಳು. ಆದರೆ ಹೇಳಿದವಳು ಸಿಸ್ಟರ್. ಸಿಸ್ಟರ್ ಹೇಳಿದ್ದನ್ನು ಇನ್ನೊಮ್ಮೆ ತೂಗಿ ನೋಡುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

"ಎಲ್ಲ ದಿವಸವೂ ಕಷ್ಟ ಆದ್ರೆ ಒಬೋನಿಗೇ ಹೋಗುವ. ಹೇಗೂ ಜುಬಿಲಿ ಅವತ್ತೇ ಅಲ್ವಾ," ಎಂದರು ಅತ್ತೆ ಹಿಲ್ಡಾ, ಕ್ರೋಶೆ ಕಡ್ಡಿಯಿಂದ ಕಣ್ಣು ತೆಗೆಯದೆ.

ಕಣ್ಣು ತೆಗೆದರೂ ಒಂದೇ, ತೆಗೆಯದಿದ್ದರೂ ಒಂದೇ. ಎಪ್ಪತ್ತಾರರ ಹಿಲ್ಡಾರ ಎಡಗಣ್ಣು ಹೋಗಿ ವರ್ಷವಾಗಿತ್ತು. ಬಲಗಣ್ಣಿಗೂ ಹೆಚ್ಚು ಭರವಸೆ ಕೊಡಲಾರೆ ಎಂದು ಡಾಕ್ಟರು ಮಾರ್ಚಿನಲ್ಲಿ ಹೇಳಿದ್ದರು. ಬೆರಳುಗಳ ಅಂದಾಜಿನ ಮೇಲೆಯೇ ಅವರು ಬಲಿಪೀಠಕ್ಕೆ ಹಾಸುವ ಬಿಳಿ ಬಟ್ಟೆಯೊಂದನ್ನು ಹೆಣೆಯುತ್ತಿದ್ದರು. ನಡುವೆ ಶಿಲುಬೆ, ಅದರ ಕೆಳಗೆ ಬೆಳ್ಳಿ ನೂಲಿನಲ್ಲಿ 25. ಆಗಸ್ಟ್ ಹದಿನೈದಕ್ಕೆ, ಮಾತೆಯ ಹಬ್ಬದ ದಿನ, ಸಿಂಥಿಯಾ ವ್ರತ ತೆಗೆದುಕೊಂಡು ಇಪ್ಪತ್ತೈದು ವರ್ಷ. ಊರಿನಲ್ಲಿ, ಕಿನ್ನಿಗೋಳಿಯ ಇಗರ್ಜಿಯಲ್ಲಿ, ಅಂದಿನ ಪೂಜೆಯನ್ನು ಅವಳ ಹೆಸರಿಗೆ ಬರೆಸಿಯೂ ಆಗಿತ್ತು. ಕಣ್ಣು ಇರುವಾಗ ಮಗಳ ಮುಖವನ್ನು ಎದುರೆದುರು ಒಮ್ಮೆ ನೋಡಬೇಕು, ಹಿಲ್ಡಾರಿಗೆ ಉಳಿದಿದ್ದ ಆಸೆ ಅದೊಂದೇ. ಆರು ವರ್ಷದ ಹಿಂದೆ ಗಂಡ ಫ್ರಾನ್ಸಿಸರ ಮಣ್ಣಿನ ದಿನ ನೋಡಿದ್ದು. ಆ ದಿನ ಯಾರು ಯಾರ ಮುಖ ನೋಡುತ್ತಾರೆ?

ಹಿಲ್ಡಾರದ್ದು ಇನ್ನೂ ಇಂಡಿಯಾದ ಪಾಸ್‌ಪೋರ್ಟು. ಜಪಾನಿನ ವೀಸಾಕ್ಕೆ ಕರೆಯುವವರ ಪತ್ರವೊಂದಿದ್ದರೆ ಒಳ್ಳೆಯದು ಎಂದು ಟ್ರಾವೆಲ್ಸಿನವರು ಹೇಳಿದ್ದರು. ಸಿಂಥಿಯಾಳನ್ನು ಕೇಳಿದರೆ ಮತ್ತೊಂದು ಹಬ್ಬ ಹೇಳಿಯಾಳು. ಅವಳಿಗೆ ತಿಳಿಸದೆ ನೇರವಾಗಿ ಮದರ್ ಸುಪೀರಿಯರನ್ನೇ ಕೇಳುವುದೆಂದು ಅತ್ತೆ ಸೊಸೆ ಗುಟ್ಟಾಗಿ ನಿಶ್ಚಯಿಸಿಕೊಂಡರು. ಸೋನಿಯಾ ಬೆಂಗಳೂರಿನವಳು, ಕೊಂಕಣಿ ಬಾರದು. ಅವಳಿಗಾಗಿ ಕನ್ನಡಕ್ಕೆ ತಿರುಗಿದ್ದ ಆ ಮನೆಯಲ್ಲಿ ಇಬ್ಬರೂ ಈಗ ಪಿಸುಗುಟ್ಟುವುದೂ ಕನ್ನಡದಲ್ಲೇ.

ಗುರುವಾರ ಸಂಜೆ ಐದಕ್ಕೆ ಫೋನ್ ಹಚ್ಚಿದರು. ಅಲ್ಲಿ ಆಗ ಶುಕ್ರವಾರ ಬೆಳಗ್ಗೆ ಒಂಬತ್ತು. ಬರಿಯ ಫೋನು, ಆ ಕಡೆಯವರಿಗೆ ಏನೂ ಕಾಣದು. ಆದರೂ ಹಿಲ್ಡಾ ಇಸ್ತ್ರಿ ಮಾಡಿದ ಸೀರೆ ಉಟ್ಟು, ಮುಖಕ್ಕೆ ಪೌಡರು ಹಾಕಿಕೊಂಡು ಬಂದು ಕೂತರು. "ಕೊನೆಗೆ ನನಗೂ ಕೊಡು, ಥ್ಯಾಂಕ್ಸ್ ಹೇಳ್ಬೇಕು," ಎಂದರು. ಅದಕ್ಕೇ ಸೋನಿಯಾ ಸ್ಪೀಕರ್ ಹಾಕಿದಳು. ಹಾಕಬಾರದಿತ್ತು.

ಎತ್ತಿಕೊಂಡ ಜಪಾನೀ ಸಿಸ್ಟರ್ ಒಂದೊಂದೇ ಇಂಗ್ಲಿಷ್ ಪದವನ್ನು ಜೋಡಿಸಿ ಮಾತಾಡಿದರು. ಸೋನಿಯಾ ವಿಷಯವನ್ನೆಲ್ಲ ಹೇಳಿದಳು. ಜುಬಿಲಿ, ತಾಯಿ, ಪತ್ರ. ಲೈನ್ ಕಟ್ಟಾಯಿತೆಂದು ಸೋನಿಯಾ ಎರಡು ಸಲ "ಹಲೋ" ಎಂದಳು.

"ಕ್ಷಮಿಸಿ," ಎಂದರು ಅವರು. "ಸಿಂಥಿಯಾ ಈಗ ನಮ್ಮ ಸಿಸ್ಟರ್ ಅಲ್ಲ. ನಮ್ಮ ಸನ್ಯಾಸಿನಿ ಸಭೆಯನ್ನು ಬಿಟ್ಟು ಮೂರು ವರ್ಷವಾಯಿತು. ಅವರು ನಿಮಗೆ... ಹೇಳಿಲ್ಲವೇ?"

ಹಿಲ್ಡಾರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಇದು ಅರ್ಥವಾಗಿತ್ತು.

"ಬೇರೆ ಸಿಂಥಿಯಾ ಇರ್ಬೇಕು," ಎಂದರು. "ಹೇಳು ಅವರಿಗೆ. ಕಿನ್ನಿಗೋಳಿಯವಳು, ಎತ್ತರ, ಗಲ್ಲದಲ್ಲಿ ಮಚ್ಚೆ ಉಂಟು. ಸರಿ ಕೇಳು, ಸೋನಿಯಾ."

ಸೋನಿಯಾ ಕೇಳಿದಳು. ಮಚ್ಚೆಯವಳೇ. ಅದೇ ಊರಿನ ವೃದ್ಧಾಶ್ರಮದಲ್ಲಿ ಕೆಲಸ ಮಾಡಿಕೊಂಡಿದ್ದಾಳೆ, ಆರೋಗ್ಯವಾಗಿದ್ದಾಳೆ, ಭಾನುವಾರದ ಪೂಜೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ. ನಾನು ಇದನ್ನೆಲ್ಲ ಹೇಳಬಾರದಿತ್ತೇನೋ ಎಂದು ಆ ಸಿಸ್ಟರ್ ಮತ್ತೆ ಮತ್ತೆ ಕ್ಷಮೆ ಕೇಳಿದರು. ಹಿಲ್ಡಾರ ಥ್ಯಾಂಕ್ಸ್ ಹಾಗೆಯೇ ಉಳಿಯಿತು.

ವಿಮಾನದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದ ಸೋನಿಯಾಳ ಗಂಡ ನೆಲ್ಸನ್ ಅಡುಗೆಮನೆಯಲ್ಲಿ ನಿಂತೇ ವಿಷಯ ಕೇಳಿದ. ಮೊದಲು ನಕ್ಕ. ಆಮೇಲೆ ಕುರ್ಚಿ ಎಳೆದುಕೊಂಡ.

"ವಾರ ವಾರ ವಿಡಿಯೋದಲ್ಲಿ ಬರ್ತಾಳಲ್ಲ ಮಾರಾಯ್ತಿ! ವೇಲ್ ಹಾಕಿಯೇ ಬರ್ತಾಳಲ್ಲ!"

ಅದೇ. ಸೋನಿಯಾ ಯೋಚಿಸುತ್ತಿದ್ದದ್ದೂ ಅದನ್ನೇ. ಪ್ರತಿ ಶನಿವಾರ ಸಂಜೆ ಬರುತ್ತಿದ್ದ ಆ ಮುಖ, ಅದರ ಸುತ್ತ ಸಿಸ್ಟರುಗಳು ತಲೆಗೆ ಹಾಕುವ ಬಿಳಿ ವೇಲ್, ಹಿಂದೆ ಯಾವಾಗಲೂ ಅದೇ ಖಾಲಿ ಗೋಡೆ. ಕಾನ್ವೆಂಟಿನ ಗಂಟೆ ಒಂದು ಸಲವಾದರೂ ಕೇಳಿಸಿತ್ತೇ? ಇನ್ನೊಬ್ಬ ಸಿಸ್ಟರ್ ಹಿಂದಿನಿಂದ ಹಾದುಹೋಗಿದ್ದಳೇ? ಹದಿನೈದು ನಿಮಿಷದ ಮಾತಿಗಾಗಿ ಹೆಂಗಸೊಬ್ಬಳು ಬಾಡಿಗೆ ಕೋಣೆಯಲ್ಲಿ ಕನ್ನಡಿ ಮುಂದೆ ನಿಂತು ವೇಲಿಗೆ ಪಿನ್ನು ಚುಚ್ಚಿಕೊಳ್ಳುವುದು, ಮಾತು ಮುಗಿದ ಮೇಲೆ ಅದನ್ನು ಮಡಿಸಿಡುವುದು, ಮೂರು ವರ್ಷ! ಸುಳ್ಳಿಗಿಂತ ಆ ಮಡಿಸಿಡುವುದೇ ಸೋನಿಯಾಳನ್ನು ಹೆಚ್ಚು ಹೆದರಿಸಿತು.

ಹಿಲ್ಡಾ ಎರಡು ದಿನ ಆ ಬಿಳಿ ಬಟ್ಟೆಯನ್ನು ಮುಟ್ಟಲಿಲ್ಲ. ಶುಕ್ರವಾರ ಗಂಜಿಯ ಬಟ್ಟಲು ಹಿಂದಕ್ಕೆ ತಳ್ಳಿ, "ಇಗರ್ಜಿಯಲ್ಲಿ ಎಂತ ಹೇಳುವುದು ನಾನು?" ಎಂದು ಗೋಡೆಯನ್ನು ಕೇಳಿದರು. ಗೋಡೆಯ ಮೇಲೆ ಮಗಳ ವ್ರತದ ದಿನದ ಫೋಟೋ ಇತ್ತು. ಅದನ್ನು ತೆಗೆದಿಡಲೇ ಎಂದು ನೆಲ್ಸನ್ ಕೇಳಿದ್ದಕ್ಕೆ, "ಮುಟ್ಟಿದ್ರೆ ಕೈ ಮುರಿತೇನೆ," ಎಂದರು.

ಶನಿವಾರ ಸಂಜೆ ಸರಿಯಾದ ಹೊತ್ತಿಗೆ ಫೋನು ಹಾಡಿತು. ಎತ್ತುವುದು ಬೇಡವೆಂದು ನೆಲ್ಸನ್ ತಲೆಯಾಡಿಸಿದ. ಹಿಲ್ಡಾ ಕೈ ಚಾಚಿದರು.

ಬಿಳಿ ವೇಲ್. ಖಾಲಿ ಗೋಡೆ. "ಬೆಸಾಂವ್ ಕೊಡಿ ಮಮ್ಮಿ," ಎಂದು ಸಿಂಥಿಯಾ ಎಂದಿನಂತೆ ಆಶೀರ್ವಾದ ಬೇಡಿ ತಲೆ ಬಗ್ಗಿಸಿದಳು. ಹಿಲ್ಡಾರ ಬಲಗೈ ಅಭ್ಯಾಸದಿಂದ ಅರ್ಧಕ್ಕೆ ಎದ್ದು ಅಲ್ಲೇ ನಿಂತಿತು. ಆ ಕಡೆ ಅವಳು ತಲೆಯೆತ್ತಿ ನಗುತ್ತ, ಆಗಸ್ಟ್ ಬೇಡವೇ ಬೇಡ, ಟಿಕೆಟಿನ ರೇಟು ನೋಡಿದ್ದೀರಾ, ಒಬೋನಿಗೆ ರೈಲಿನಲ್ಲಿ ನಿಲ್ಲುವುದಕ್ಕೂ ಜಾಗ ಇರುವುದಿಲ್ಲ ಎಂದು ಶುರುಮಾಡಿದಳು. ಸೋನಿಯಾ ನೋಡಲಾಗದೆ ಕಿಟಕಿಯ ಕಡೆ ತಿರುಗಿದಳು. ಎಲ್ಲ ಗೊತ್ತಿದ್ದೂ ಸುಳ್ಳನ್ನು ಕೇಳಿಸಿಕೊಳ್ಳುವಾಗ ಹೇಳುವವರಿಗಿಂತ ಕೇಳುವವರಿಗೇ ನಾಚಿಕೆ.

"ಆ ಬಟ್ಟೆ ತೆಗಿ, ಬಾಯಿ," ಎಂದರು ಹಿಲ್ಡಾ, ಮಗಳನ್ನು ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹಾಗೆ. "ಸೆಕೆ ಆಗ್ತದೆ ನಿನಗೆ."

ಸಿಂಥಿಯಾ ಅಲುಗಾಡಲಿಲ್ಲ. ಪರದೆ ನಿಂತುಹೋಯಿತೆಂದೇ ನೆಲ್ಸನ್ ಭಾವಿಸಿದ. ಆಮೇಲೆ ಅವಳ ಕಣ್ಣು ಮಿಟುಕಿತು. ಒಂದು ಕೈ ಮೇಲೆ ಹೋಗಿ ಪಿನ್ನನ್ನು ಹುಡುಕಿತು, ಸಿಕ್ಕಲಿಲ್ಲ, ಮತ್ತೆ ಹುಡುಕಿತು. ವೇಲ್ ಜಾರಿತು. ಭುಜದವರೆಗಿನ ಕೂದಲು, ಅರ್ಧಕ್ಕರ್ಧ ಬೆಳ್ಳಗೆ.

ಹಿಲ್ಡಾ ಫೋನನ್ನು ಬಲಗಣ್ಣಿಗೆ ಮೂಗು ತಾಗುವಷ್ಟು ಹತ್ತಿರ ತಂದರು. ತುಂಬ ಹೊತ್ತು ನೋಡಿದರು.

"ಪಪ್ಪನ ಹಾಗೆಯೇ ನರೆತದ್ದು," ಎಂದರು. "ಮುಂದಿನಿಂದ."

"ನನ್ನಿಂದ ಆಗ್ಲಿಲ್ಲ ಮಮ್ಮಿ," ಎಂದಳು ಸಿಂಥಿಯಾ. "ಪಪ್ಪ ಹೋದ ಮೇಲೆ ಮತ್ತೆ ಆಗ್ಲೇ ಇಲ್ಲ. ಹೇಳ್ಬೇಕಂತ ಪ್ರತಿ ವಾರ ಕೂತುಕೊಳ್ತಿದ್ದೆ. ನೀವು ಜುಬಿಲಿ ಜುಬಿಲಿ ಹೇಳ್ತಿದ್ರಿ."

"ಸಿಟ್ಟು ಉಂಟು ನನಗೆ. ಬೇಕಾದಷ್ಟು ಉಂಟು. ಅದು ಅಲ್ಲಿಗೆ ಬಂದು ಹೇಳ್ತೇನೆ." ಹಿಲ್ಡಾ ಫೋನನ್ನು ಕಣ್ಣಿನಿಂದ ಸ್ವಲ್ಪ ದೂರ ಹಿಡಿದರು. "ಒಬೋನಿಗೆ ರಜೆ ಎಷ್ಟು ದಿವಸ ನಿನಗೆ?"

"ರಜೆ ಇಲ್ಲ ಮಮ್ಮಿ. ಆಶ್ರಮದಲ್ಲಿ ಕೆಲಸ ಮಾಡುವ ಉಳಿದವರೆಲ್ಲ ಊರಿಗೆ ಹೋಗ್ತಾರೆ. ಮನೆಯವರು ಯಾರೂ ಇಲ್ಲದವರಿಗೆ ಡ್ಯೂಟಿ ಹಾಕ್ತಾರೆ. ಮೂರು ವರ್ಷದಿಂದ ನನಗೇ."

ಸೋನಿಯಾ ಕ್ಯಾಲೆಂಡರನ್ನು ನೋಡಿದಳು. ಮೂರು ವರ್ಷ ತಾವು ಇಲ್ಲಿ ಬಾರ್ಬೆಕ್ಯೂ ಹಚ್ಚಿಕೊಂಡು ಕಳೆದ ಆಗಸ್ಟ್ ಹದಿನೈದುಗಳು ನೆನಪಾಗಿ ಅವಳಿಗೆ ಅಳು ಬಂತು.

"ಈ ಸಲ ಹೇಳು ಅವರಿಗೆ," ಎಂದರು ಹಿಲ್ಡಾ. "ನನಗೆ ಡ್ಯೂಟಿ ಆಗುದಿಲ್ಲ, ಮನೆಯವರು ಬರ್ತಾರೆ ಅಂತ. ನಾಳೆಯೇ ಹೇಳು. ವೀಸಾದ ಪತ್ರವನ್ನೂ ನೀನೇ ಬರಿ." ಅರ್ಧಕ್ಕೆ ನಿಂತಿದ್ದ ಕೈಯನ್ನು ಆಮೇಲೆ ಪೂರ್ತಿ ಎತ್ತಿ, ಪರದೆಯ ಮೇಲೆ, ನರೆತ ಜಾಗದಲ್ಲಿ, ಹೆಬ್ಬೆರಳಿನಿಂದ ಸಣ್ಣ ಶಿಲುಬೆ ಬರೆದರು.

ಫೋನ್ ಇಟ್ಟ ಮೇಲೆ ನೆಲ್ಸನ್ ಟಿಕೆಟು ನೋಡಲು ಲ್ಯಾಪ್‌ಟಾಪ್ ತೆರೆದ. ರೇಟು ಸಿಂಥಿಯಾ ಹೇಳಿದಷ್ಟೇ ಇತ್ತು, ಅದೊಂದು ಸುಳ್ಳಾಗಿರಲಿಲ್ಲ. ಹಿಲ್ಡಾ ಚೀಲದಿಂದ ಬಲಿಪೀಠದ ಬಿಳಿ ಬಟ್ಟೆಯನ್ನು ತೆಗೆದು ಮಡಿಲಲ್ಲಿ ಹರಡಿಕೊಂಡರು. ಶಿಲುಬೆಯನ್ನು ಬೆರಳಿನಲ್ಲಿ ತಡವಿ ಬಿಟ್ಟರು. ಅದರ ಕೆಳಗಿನ ಬೆಳ್ಳಿ ನೂಲಿನ ತುದಿಯನ್ನು ಹುಡುಕಿ, ಉಗುರಿನಿಂದ ಎಬ್ಬಿಸಿ, ಮೆಲ್ಲಗೆ ಎಳೆದರು. ಐದು ಮೊದಲು ಬಿಚ್ಚಿಕೊಂಡಿತು.

"ಸೋನಿಯಾ," ಎಂದರು, ನೂಲನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಅವಳ ಊಟದ ಮೇಜು ಎಷ್ಟು ಉದ್ದ ಉಂಟು ಅಂತ ಕೇಳ್ಲಿಕ್ಕೆ ಮರ್ತೇ ಹೋಯ್ತು."