ಕುಂದಾಬಾಯಿ ಮೆಚ್ಚಿದ ಕಂಬಗಳು

ಬೆಳಗಾವಿಯಲ್ಲಿ ಈಗ ನಾಲ್ಕು ಕಾಸು ಕೂಡಿದವರಿಗೆಲ್ಲ ಆರ್ಕಿಟೆಕ್ಟ್ ಕುಂದಾ ಕಟ್ಟಿಸಿದ ಮನೆಯೇ ಬೇಕು. ಕೆಂಪು ಕಲ್ಲಿನ ಗೋಡೆ, ಸುಣ್ಣದ ಗಾರೆ, ನಡುವೆ ಅಂಗಳ, ಅಂಗಳದ ಸುತ್ತ ಅಜ್ಜಂದಿರ ಕಾಲದ ಸಾಗವಾನಿ ಕಂಬಗಳು. ಬಿರುಬೇಸಿಗೆಯಲ್ಲೂ ಫ್ಯಾನು ಬೇಡ. ಪೇಪರಿನವರು ಬರೆದರು, ಪ್ರಶಸ್ತಿಯೂ ಬಂತು. ಬರಲಿ ಬಿಡಿ, ಇಷ್ಟು ವರ್ಷ ಬಿಸಿಲಲ್ಲಿ ನಿಂತು ದುಡಿದವಳಿಗೆ ಬರದೆ ಇನ್ನಾರಿಗೆ ಬರಬೇಕು? ಕಂಬ ಎಲ್ಲಿಂದ ತರುತ್ತೀರಿ ಎಂದು ಕೇಳಿದವರಿಗೆ ಅವಳದು ಒಂದೇ ಉತ್ತರ: ಕೆಡವಿದ ಮನೆಯ ಕಂಬ ಒಲೆಗೆ ಹೋಗುವುದಕ್ಕಿಂತ ಇನ್ನೊಂದು ಮನೆಗೆ ಹೋಗಲಿ.

ಈ ವಿದ್ಯೆ ಅವಳು ಕಲಿತದ್ದು ಖಾನಾಪುರದ ಗುರುಪುತ್ರಪ್ಪನ ಹಳೇ ವಾಡೆಯಲ್ಲಿ. ಓದುವಾಗ ಟೇಪು ಹಿಡಿದು ಅದರ ಮೂಲೆಮೂಲೆ ಅಳೆದಿದ್ದಳು. ಗಾಳಿ ಎಲ್ಲಿಂದ ಬರುತ್ತದೆ, ಮಳೆನೀರು ಎತ್ತ ಹೋಗುತ್ತದೆ, ಎಲ್ಲ ಅಲ್ಲೇ ತಿಳಿದದ್ದು. ಆ ಮನೆಯಲ್ಲಿ ಖೋಲಿ ಸಾಲುವುದಿಲ್ಲ, ಒಳಗೆ ಬಚ್ಚಲಿಲ್ಲ ಎಂದು ಗುರುಪುತ್ರಪ್ಪ ಗೊಣಗುತ್ತಿದ್ದಾನೆಂದು ಕೇಳಿದಾಗ, ಎಲ್ಲಿ ಕೆಡವಿಬಿಡುತ್ತಾನೋ ಎಂದು ಅವಳಿಗೆ ಹೆದರಿಕೆಯಾಯಿತು. ಉಳಿದ ಕೆಲಸ ಬದಿಗಿಟ್ಟು, ಒಂದು ಗೋಡೆಯನ್ನೂ ಕೆಡವದೆ ಅವನ್ನೆಲ್ಲ ಕೂಡಿಸುವ ನಕ್ಷೆ ಬರೆದಳು. ದುಡ್ಡು ಬೇಡ, ಮನೆ ಉಳಿದರೆ ಸಾಕು ಎಂದುಕೊಂಡು ಖಾನಾಪುರಕ್ಕೆ ಬಂದಳು.

ವಾಡೆ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಮಣ್ಣಿನ ಗುಡ್ಡೆ, ಗುಡ್ಡೆಯ ಮೇಲೊಂದು ಜೆಸಿಬಿ.

"ಬರ್ರಿ ಕುಂದಾಬಾಯಾರ, ಬರ್ರಿ!" ಗುರುಪುತ್ರಪ್ಪ ಧೂಳು ಕೊಡವಿಕೊಳ್ಳುತ್ತ ಎದುರು ಬಂದ. "ಇವತ್ತ ಫೋನ್ ಮಾಡಾಂವ ಇದ್ದೆ."

"ಯಾಕ ಕೆಡವಿದ್ರೀ?" ಅವಳು ಕೇಳಿದಳು.

"ನಿಮ್ಮ ಸಲುವಾಗಿನ ರೀ! ಬಂದಾಗೊಮ್ಮೆ ಕಂಬಾ ಸವರಿ, ಇಂಥಾವು ಎಲ್ಲೂ ಸಿಗೂದಿಲ್ಲ ಅಂತಿದ್ರಿ. ಹಳೇ ಕಟಿಗಿ ಕೊಳ್ಳೂ ಗೋವಾದಾಂವ ಬಂದ ಕೇಳಿದಾ. ಇವು ಬಾಯಾರಿಗೆ ಇಟ್ಟಾವು, ಮುಟ್ಟಬ್ಯಾಡಾ ಅಂದೆ. ಒಂದೂ ಸೀಳಿಲ್ಲ, ನೋಡ್ರಿ. ನೀವು ಕೊಡೂ ರೊಕ್ಕದಾಗ ಸ್ಲ್ಯಾಬಿನ ಮನಿ ಕಟ್ಟತೀವಿ."

ಕಂಬಗಳನ್ನು ಬೇವಿನ ಮರದ ಕೆಳಗೆ ಸಾಲಾಗಿ ಮಲಗಿಸಿ, ತಾಡಪತ್ರಿ ಹೊದಿಸಿದ್ದರು. ಕುಂದಾಳಿಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಮಾಡುವುದು? ಹೊಗಳಿದವಳು ಅವಳೇ, ಕೊಳ್ಳುವವಳೂ ಅವಳೇ. ಪಾಪ, ಅವನು ಮೆಚ್ಚಿಸಲು ಹೊರಟಿದ್ದ.

ಅಷ್ಟರಲ್ಲಿ ಬಾಜೂ ಮನೆಯ ಅಕ್ಕವ್ವ ಗಂಡ ನಾಗಲಿಂಗನನ್ನು ಕರೆದುಕೊಂಡು ಬಂದಳು. ಹಿಂದೆ ಓಣಿಯ ನಾಲ್ಕಾರು ಮಂದಿ. ಎಲ್ಲರ ಮೊಬೈಲಿನಲ್ಲೂ ತಮ್ಮ ತಮ್ಮ ಬಾಗಿಲು, ಚೌಕಟ್ಟುಗಳ ಫೋಟೋ.

"ನಮ್ಮವೂ ನೋಡ್ರಿ, ಬಾಯಾರ," ಅಂದಳು ಅಕ್ಕವ್ವ. "ನೀವು ಹೂಂ ಅಂದ್ರ ನಾಳೇನ ಕೆಡವಸ್ತೀವಿ."

"ಬ್ಯಾಡವ್ವಾ! ಕೈ ಮುಗೀತೀನಿ, ಯಾರೂ ಮನಿ ಕೆಡವಬ್ಯಾಡ್ರಿ. ನನಗ ಏನೂ ಬ್ಯಾಡ."

ಅಕ್ಕವ್ವ ನಕ್ಕುಬಿಟ್ಟಳು. "ಅಯ್ಯ, ರೇಟಿನ ಮಾತು ಆಮ್ಯಾಲ ಆಡೂಣು. ಕಮ್ಮೀ ಮಾಡೂಣಂತ." ಗಂಡನ ಕಡೆ ತಿರುಗಿದಳು. "ರೀ, ಮ್ಯಾಲ ಹತ್ತಿ ಆ ತೊಲಿ ತೋರಸ್ರಿ. ಕಣ್ಣಾರೆ ನೋಡಿದ್ರ ಬ್ಯಾಡ ಅನ್ನಂಗಿಲ್ಲ."

ನಾಗಲಿಂಗ ಏಣಿ ಹಚ್ಚಿ ತಮ್ಮ ಮನೆಯ ಮಾಡು ಹತ್ತಿ ಹಂಚು ಕೀಳತೊಡಗಿದ. ಕೆಳಗೆ ಬಿದ್ದ ಮೊದಲ ಹಂಚು ಚೂರಾಯಿತು.

"ಇಳೀರಿ! ಖರೇನ ಬ್ಯಾಡ್ರೀ!" ಕುಂದಾ ನಕ್ಷೆ ಅಲ್ಲೇ ಬಿಸುಟು, ಎರಡೂ ಕೈ ಬೀಸುತ್ತ ಅವರ ಮನೆಯತ್ತ ಓಡಿದಳು.

"ನೋಡ್ರಿ, ಹೆಂಗ ಓಡಿ ಬಂದ್ರು!" ಅಕ್ಕವ್ವ ಹಿಗ್ಗಿನಿಂದ ಗಂಡನಿಗೆ ಕೂಗಿದಳು. "ಇನ್ನೂ ನಾಕ ಹಂಚ ತಗೀರಿ."